ಫುಟ್‌ಬಾಲ್ ಡಬ್ಬಿಯೊಳಗಿನ ಡಿಸ್ಕು

ಸಾಲಿಂ ಬಾಬಾ, ಆ ಡಿಸ್ಕನ್ನು ಫುಟ್‌ಬಾಲ್ ಆಟದ ಡಬ್ಬಿಯೊಳಗೆ ಹಾಕಿದ್ದು ನಾನೇ. ನೀವು ನನ್ನ ಕಫೀಲ್, ಈ ಅರಬ್ ನಾಡಿನಲ್ಲಿ ನನಗೆ ಹೊಣೆ ನಿಂತ ಧಣಿ. ಸುವೈಕ್‌ನ ಆ ವಿಡಿಯೋ ಗೇಮ್ ಅಂಗಡಿಯೂ ನನ್ನ ವೀಸಾವೂ ನಿಮ್ಮ ಹೆಸರಿನಲ್ಲಿದ್ದವು — ಆದರೂ ನಿಮಗೇ ಸುಳ್ಳು ಹೇಳಿದೆ. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದೂ ಹೆದರಿಕೆಯಿಂದಲೇ. ನಿಮಗೆ ಓದಲು ಬಾರದಲ್ಲ.

ಯಾವ ಆಟ ಯಾವ ವಯಸ್ಸಿಗೆ ಎಂಬ ಗುರುತಿನ ನಿಯಮ ಬಿಗಿಯಾದಾಗ, ಹೆಚ್ಚು ಓಡುತ್ತಿದ್ದ ಹೊಡಿ-ಬಡಿ ಆಟಗಳನ್ನೇ ಕಪಾಟಿನಿಂದ ತೆಗೆಯಬೇಕಾಯಿತು. ಮೀಸೆ ನರೆತ ಗಿರಾಕಿಯೂ ಬರಿಗೈಯಲ್ಲಿ ಹೋಗಬೇಕು! ಅದೇ ಆಟವನ್ನು ಮಕ್ಕಳು ಮನೆಯಲ್ಲೇ ಕೂತು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಆ ಡಿಸ್ಕುಗಳನ್ನು ಫುಟ್‌ಬಾಲ್ ಡಬ್ಬಿಗಳಿಗೆ ಹಾಕಿ ಗುಟ್ಟಾಗಿ ಮಾರತೊಡಗಿದೆ, ಗುರುತಿಗೆ ಮೂಲೆಯಲ್ಲಿ ಸಣ್ಣ ಗೀರು ಎಳೆದೆ. ಒಂದು ಶುಕ್ರವಾರ ಸಂಜೆಯ ನೂಕುನುಗ್ಗಲಿನಲ್ಲಿ ಗೀರು ನೋಡದೆ, ನಿಜವಾಗಿಯೂ ಫುಟ್‌ಬಾಲ್ ಕೇಳಿದ ತಂದೆಯೊಬ್ಬನಿಗೇ ಅಂಥ ಡಬ್ಬಿ ಕೊಟ್ಟುಬಿಟ್ಟೆ. ಅವನ ಪುಟ್ಟ ಮಗಳು ಟಿವಿಯಲ್ಲಿ ಕಂಡದ್ದು ಕತ್ತು ಕೊಯ್ಯುವುದನ್ನು.

ದೂರು ಹೋಯಿತು. ತಪಾಸಣೆಯವರು ಬಂದಾಗ ನೀವು ನನ್ನನ್ನು ಪಕ್ಕಕ್ಕೆ ಕರೆದು, ಇದು ನನ್ನದೇ ಕೆಲಸವಾ ಎಂದು ಕೇಳಿದಿರಿ. “ಸಚ್ ಬೋಲೋ, ಗಣೇಶ್. ತುಮ್ ಕಿಯಾ?”

ವೀಸಾ, ಮಗಳ ಶಾಲೆ, ಊರಿಗೆ ಹಿಂದಿರುಗುವ ವಿಮಾನ — ಎಲ್ಲ ಒಮ್ಮೆಲೇ ಕಣ್ಣೆದುರು ಬಂತು. ಕಂಪನಿಯಿಂದಲೇ ಹಾಗೆ ಬಂದಿತ್ತೆಂದು ಹೇಳಿಬಿಟ್ಟೆ. “ನಹೀಂ ಬಾಬಾ. ಕಂಪನಿ ಸೇ ಐಸಾ ಹೀ ಆಯಾ.”

ನೀವು ಮತ್ತೆ ಕೇಳಲಿಲ್ಲ. ನೇರ ಅವರೆದುರು ಹೋಗಿ, “ವಲ್ಲಾಹ್” ಎಂದು ದೇವರ ಮೇಲೆ ಆಣೆಯಿಟ್ಟು, ಇವನು ಮಾಡಿಲ್ಲ ಎಂದಿರಿ. ಸುಳ್ಳು ಆಣೆಗೆ ನೀವೆಷ್ಟು ಅಂಜುವವರೆಂದು ಗೊತ್ತಿದ್ದೂ ನಾನು — ತಡೆಯಲಿಲ್ಲ. ನಿಮ್ಮ ಮಾತಿಗೆ ನನ್ನನ್ನು ಬಿಟ್ಟರು, ಅಂಗಡಿಯನ್ನು ಮುಚ್ಚಿಸಿದರು. ನನ್ನನ್ನು ನಿಮ್ಮ ತಮ್ಮನ ಟಯರ್ ಅಂಗಡಿಗೆ ಸೇರಿಸಿದಿರಿ. ಬಡವನ ಸಿಟ್ಟು ದವಡೆಗೆ ಮೂಲ ಅನ್ನುತ್ತಾರೆ. ನನ್ನ ಸಿಟ್ಟಿನ ಪೆಟ್ಟು ಬಿದ್ದದ್ದು ನಿಮ್ಮ ಮೇಲೆ.

ವರ್ಷಗಳಾದವು. ಈಗಲೂ ಸರಕಾರಿ ಕಾರು ನಿಂತರೆ ನಾನು ಟಯರ್ ರಾಶಿಯ ಹಿಂದೆ ಸರಿಯುತ್ತೇನೆ.

ನಿನ್ನೆ ನೀವು ಫೋನ್ ಮಾಡಿದಿರಿ. ಹಜ್‌ಗೆ ಹೊರಡುವವರು ಎಲ್ಲರಲ್ಲೂ ಕ್ಷಮೆ ಕೇಳುತ್ತಾರಲ್ಲ — ನನ್ನಲ್ಲೂ ಕೇಳಿದಿರಿ. “ಮೇರಾ ಕುಛ್ ಗಲತಿ ಹೈ ತೋ ಮಾಫ್ ಕರೋ, ಗಣೇಶ್.” ನಿಮ್ಮ ತಪ್ಪೇನಿದ್ದರೂ ಮನ್ನಿಸಬೇಕಂತೆ — ನಾನು!

ಹೆಂಡತಿಗೆ ಎಲ್ಲ ಹೇಳಿದೆ. ಅವಳು ಕೇಳಿದಳು, “ಈಗ ಹೇಳಿದ್ರೆ ನಮ್ಮನ್ನು ಇಲ್ಲಿ ಇರ್ಲಿಕ್ಕೆ ಬಿಡ್ತಾರಾ ಮಾರಾಯ್ರೆ?”

ಗೊತ್ತಿಲ್ಲ. ಆದರೆ ಆ ಆಣೆಯನ್ನು ಹೊತ್ತು ನೀವು ಹಜ್‌ಗೆ ಹೋಗಬಾರದು. ನಾಳೆ ನಿಮ್ಮ ಮನೆಗೆ ಬರುತ್ತೇನೆ. ಇದನ್ನೆಲ್ಲ ನಿಮಗೆ ತಿಳಿಯುವ ಭಾಷೆಯಲ್ಲೇ ಹೇಳುತ್ತೇನೆ — ನೀವು ಕೊಡುವ ಕಾಫಿ ಮುಟ್ಟುವ ಮೊದಲು.