ಮಗ್ಗದ ಓಣಿಗೆ ಬಂದ ಎಮ್ಮೆ

ಬನಹಟ್ಟಿಗೆ ನಾನು ಬಂದದ್ದು ಎಮ್ಮೆಯ ಜೊತೆಗೆ. ಹೀಗೆ ಹೇಳಿದಾಗಲೆಲ್ಲ ನಮ್ಮ ಮನೆಯವರು ನಗುತ್ತಾರೆ. "ಮದಿವ್ಯಾಗಿದ್ದು ನನ್ನ ಸಂಗಾಟ, ಸಂಸಾರಕ್ಕ ಬಂದದ್ದು ಎಮ್ಮಿ ಸಂಗಾಟ ನೋಡ್ರಿ" ಎಂದು ಬಂದವರ ಮುಂದೆಲ್ಲ ಹೇಳುತ್ತಾರೆ. ನಕ್ಕರೆ ನಗಲಿ. ಖರೆ ಮಾತಿಗೆ ನಾಚಿಕೊಳ್ಳುವ ಹೆಂಗಸು ನಾನಲ್ಲ.

ಸಂಸ್ಥಾನಗಳು ಹೋಗಿ ಮುಂಬಯಿ ಸರಕಾರ ಬಂದ ಹೊಸತು ಅದು. ನಮ್ಮವರಿಗೆ ಬನಹಟ್ಟಿಯ ಒಂದು ನೂಲಿನ ಅಂಗಡಿಯಲ್ಲಿ ಗುಮಾಸ್ತರ ಕೆಲಸ ಸಿಕ್ಕಿತು. ಸಾವಳಗಿಯ ಮನೆಯನ್ನು ಭಾವನವರಿಗೆ ಬಿಟ್ಟು ಅತ್ತೆಯೂ ನಮ್ಮೊಡನೆ ಹೊರಟರು. ಮಗಳು ಪೇಟೆಯಲ್ಲಿ ಹಾಲು ಕೊಂಡು ಕುಡಿಯಬಾರದು ಎಂದು ಅನಗವಾಡಿಯಿಂದ ನನ್ನಪ್ಪ ಹೊಸದಾಗಿ ಈದ ಎಮ್ಮೆಯನ್ನು ಕರುವಿನ ಸಮೇತ ಕಳಿಸಿಕೊಟ್ಟ. ಅದು ಕರುವಿದ್ದಾಗಿನಿಂದ ನಾನೇ ಸಾಕಿದ ಎಮ್ಮೆ. ಅದರ ಬೆನ್ನ ಮೇಲೆ ಕೂತೇ ನಾನು ಹೊಳೆಗೆ ಇಳಿಯುತ್ತಿದ್ದೆ. ಮದುವೆಯಲ್ಲಿ ಅವ್ವನನ್ನು ಬಿಟ್ಟು ಬರುವಾಗ ಅತ್ತದ್ದಕ್ಕಿಂತ ಹೆಚ್ಚು ಅದರ ಕೊರಳು ಹಿಡಿದು ಅತ್ತಿದ್ದೆ. ಅದೇ ನನ್ನ ಹಿಂದೆ ಬರುತ್ತದೆ ಎಂದಾಗ ಊರು ಬಿಡುವುದು ಅಷ್ಟೇನೂ ಕಷ್ಟವಾಗಲಿಲ್ಲ.

ಕಷ್ಟ ಬಂದ ಮೇಲೆ ಶುರುವಾಯಿತು. ನಮ್ಮ ಬಾಡಿಗೆ ಮನೆ ಇದ್ದದ್ದು ನೇಕಾರರ ಓಣಿಯಲ್ಲಿ. ಯಾವ ಬಾಗಿಲಲ್ಲಿ ಇಣುಕಿದರೂ ನೆಲದಲ್ಲಿ ತೋಡಿದ ಕುಣಿ, ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಮನುಷ್ಯ, ಅವನ ಮುಂದೆ ಮಗ್ಗ. ಬೆಳಕು ಹರಿಯುವ ಮೊದಲೇ ಖಟ್ ಖಟಲ್, ಖಟ್ ಖಟಲ್ ಎಂದು ಹತ್ತಿತೆಂದರೆ ದೀಪ ಹಚ್ಚುವವರೆಗೂ ಬಿಡುವಿಲ್ಲ. ಆ ಸಪ್ಪಳದ ಮೇಲೆ ಮಾತು ಕೇಳಿಸಬೇಕಲ್ಲ, ಅದಕ್ಕೆ ಎಲ್ಲರೂ ಒದರಿಯೇ ಮಾತಾಡುವವರು. ಮೊದಲ ದಿನ ನಾನು ಓಣಿಗೆ ಓಣಿಯೇ ಜಗಳಕ್ಕೆ ಬಿದ್ದಿದೆ ಎಂದುಕೊಂಡು ಬಾಗಿಲು ಹಾಕಿಕೊಂಡಿದ್ದೆ. ಅವರು ಕೂಗಿ ಕೇಳುತ್ತಿದ್ದದ್ದು ನಮ್ಮ ಮನೆಯಲ್ಲಿ ಅಡಿಗೆ ಏನೆಂದು.

ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಮಗ್ಗಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ. ಎಮ್ಮೆಯನ್ನು ಆ ಹಿತ್ತಲಲ್ಲಿ ಕಟ್ಟಿದೆವು. ಹಿಂಡಲು ಕೂತರೆ ಕಿವಿ ನಿಮಿರಿಸಿ, ಕಣ್ಣು ಅಗಲಿಸಿ, ಗೋಡೆಯನ್ನೇ ನೋಡುತ್ತ ನಿಂತುಬಿಡುತ್ತಿತ್ತು. ಕರು ಎಷ್ಟು ಗುದ್ದಿದರೂ ಹಾಲು ಇಳಿಸಲೊಲ್ಲದು. ನಾವೆಲ್ಲ ಒಳಗೆ ಹೋದ ಮೇಲೆ ಕರುವಿಗೆ ಮಾತ್ರ ಕದ್ದು ಕುಡಿಸುತ್ತಿತ್ತು. ತಿನ್ನಲು ಶೇಂಗಾ ಹಿಂಡಿ ಇಟ್ಟೆ, ಮೈ ತೊಳೆದೆ, ಬೈದೆ, ಮುದ್ದು ಮಾಡಿದೆ. ಏನು ಮಾಡಿದರೂ ಗಿಂಡಿಯ ತಳ ಒದ್ದೆಯಾಗಲಿಲ್ಲ.

ಅತ್ತೆಗೆ ಛಾ ಇಲ್ಲದೆ ಬೆಳಗಾಗುವುದಿಲ್ಲ. ಹಿತ್ತಲಲ್ಲಿ ಎಮ್ಮೆ ಕಟ್ಟಿಕೊಂಡು ನೆರೆಮನೆಗೆ ಹಾಲಿಗೆ ಹೋಗುವ ಪಾಡು ಬಂತು. "ಎಲ್ಲಾರೂ ನಗಾಕತ್ತಾರ ಬೇ. ಇದನ್ನ ಯಾರಿಗರೆ ಕೊಟ್ಟು ಕೈ ತೊಳಕೊಳ್ಳೂಣು" ಎಂದರು ಅತ್ತೆ. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೂ ಎಮ್ಮೆಯನ್ನು ಕಂಡವರಿಗೆ ಕೊಡಲು ನಾನು ಒಪ್ಪಲಿಲ್ಲ. ಅನಗವಾಡಿಯ ಒಬ್ಬರು ಸಂತೆಗೆ ಬಂದಾಗ ಅವರ ಕೈಯಲ್ಲಿ ಅಪ್ಪನಿಗೆ ಹೇಳಿಕಳಿಸಿದೆ: "ಎಮ್ಮಿಗೆ ಈ ಊರಿನ ಸಪ್ಪಳ ಒಗ್ಗಿಲ್ಲ, ಬಂದು ಹೊಡಕೊಂಡು ಹೋಗು. ನನ್ನೂ ಕರಕೊಂಡು ಹೋಗು." ಅಮಾವಾಸ್ಯೆಯ ಹಿಂದಿನ ದಿನ ಗಾಡಿ ಕಟ್ಟಿಕೊಂಡು ಬರುತ್ತೇನೆ, ಅಮಾವಾಸ್ಯೆಗೆ ಎತ್ತುಗಳಿಗೆ ದಣಿವಾರಿಸಿ ಮರುದಿನ ಹೊರಡೋಣ ಎಂದು ಅಪ್ಪನಿಂದ ಉತ್ತರ ಬಂತು.

ಅಲ್ಲಿಯವರೆಗೆ ಸುಮ್ಮನಿರಬೇಕಿತ್ತು. ನನ್ನ ಬಾಯಿ ಸುಮ್ಮನಿರುತ್ತದೆಯೇ? ಒಂದು ಸಂಜೆ ಸೆರಗು ಸಿಕ್ಕಿಸಿಕೊಂಡು ಪಕ್ಕದ ಮನೆಗೇ ನುಗ್ಗಿದೆ. ಮಗ್ಗದಲ್ಲಿ ಕೂತಿದ್ದ ಮುದುಕ ನೇಕಾರರನ್ನು ಓಣಿಯವರೆಲ್ಲ ಕಾಕಾ ಎನ್ನುತ್ತಿದ್ದರು.

"ಕಾಕಾ, ನಿಮ್ಮ ಮಗ್ಗ ನಿಂದರಸ್ರಿ. ನಮ್ಮ ಎಮ್ಮಿ ಹೆದರತೈತಿ!"

ಓಣಿಯ ಹೆಂಗಸರು ಬಿದ್ದು ಬಿದ್ದು ನಕ್ಕರು. ಕಾಕಾ ನಗಲಿಲ್ಲ. "ತಂಗಿ, ಮಗ್ಗ ನಿಂತ್ರ ನಮ್ಮ ಒಲಿ ಉರಿಯಂಗಿಲ್ಲವಾ" ಎಂದರು, ಅಷ್ಟೇ. ನಾನು ಮುಖ ಗಂಟು ಹಾಕಿಕೊಂಡು ಬಂದು ಎಮ್ಮೆಯ ಕೆಳಗೆ ಕೂತೆ. ಆಗ ಗೋಡೆಯಾಚೆ ಸಪ್ಪಳ ನಿಂತಿತು. ಕಾಕಾನ ಹೆಂಡತಿ, ನಮ್ಮ ಕಾಕು, ಗೋಡೆಯ ಮೇಲಿಂದ ಇಣುಕಿ "ಹಿಂಡಕೋ ಲಗೂನ, ಅವರು ಎಲಿ ಅಡಕಿ ಹಾಕ್ಕೊಳಾಕತ್ತಾರ" ಎಂದರು. ಎಮ್ಮೆ ಕಿವಿ ಇಳಿಬಿಟ್ಟಿತು, ಹಾಲೂ ಇಳಿಸಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಮೊದಲ ಹಾಲನ್ನು ಅವರ ಮನೆಗೇ ಕೊಟ್ಟುಬಂದೆ.

ಅಂದಿನಿಂದ ನಾನು ಹಿಂಡುವ ಹೊತ್ತಿಗೆ ಕಾಕಾನಿಗೆ ಎಲೆ ಅಡಿಕೆ ನೆನಪಾಗುತ್ತಿತ್ತು. ಆಮೇಲೆ ಮದುವೆಯ ಸುಗ್ಗಿ ಬಂತು, ಸೀರೆಗೆ ಅವಸರ ಹತ್ತಿತು. ಒಂದು ದಿನ ಕಾಕಾ ಮಗ್ಗ ನಿಲ್ಲಿಸುವುದನ್ನೇ ಮರೆತರು. ನಾನೂ ಮರೆತು ಹಿಂಡಿಕೊಂಡು ಎದ್ದುಬಂದೆ. ಎಮ್ಮೆ ಸಪ್ಪಳದಲ್ಲೇ ಹಾಲು ಕೊಟ್ಟಿದೆ ಎಂದು ಇಬ್ಬರಿಗೂ ಹೊಳೆದದ್ದು ಮರುದಿನ. ಆಮೇಲೆ ಮಗ್ಗ ನಿಲ್ಲಿಸುವ ಗೊಡವೆಯೇ ಇರಲಿಲ್ಲ, ದಿನಾಲೂ ಆ ಸಪ್ಪಳದಲ್ಲೇ ಹಿಂಡಿಕೊಂಡೆ.

ಎಮ್ಮೆ ಒಗ್ಗಿತು, ಸರಿ. ನಾನು ಒಗ್ಗಿದ್ದೆನೆಂದು ನನಗನಿಸಲಿಲ್ಲ. ಅಪ್ಪ ಬರುತ್ತಾನೆ, ನಾನು ಹೋಗುತ್ತೇನೆ, ಒಮ್ಮೆ ಹೋದರೆ ಮತ್ತೆ ಈ ಖಟ್ ಖಟಲ್ ಊರಿಗೆ ಕಾಲಿಡುವುದಿಲ್ಲ ಎಂದು ಮನಸ್ಸಿನಲ್ಲೇ ಹಟ ಹಿಡಿದಿದ್ದೆ. ಸೀರೆಗಳನ್ನು ಮಡಚಿ ಗಂಟು ಕಟ್ಟಿದೆ. ನಮ್ಮವರು ಅದನ್ನು ನೋಡಿದರು. ಅವರು ಮಾತು ಕಮ್ಮಿಯ ಮನುಷ್ಯ.

"ಹೋಗ್ತೇನಿ ಅಂದ್ರ ಹೋಗು. ಹೊಳ್ಳಿ ಬರ್ತೇನಿ ಅನ್ನೂದೊಂದು ಹೇಳಿ ಹೋಗು" ಎಂದರು.

ನಾನು ಗಂಟನ್ನು ಇನ್ನಷ್ಟು ಬಿಗಿದು ಕಟ್ಟಿದೆ. ಅವರು ಊಟಕ್ಕೆ ಕೂತು, ಅರ್ಧ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದರು.

ಅಪ್ಪ ಹೇಳಿದಂತೆ ಬಂದ, ಮಗ್ಗಗಳೆಲ್ಲ ನಿಂತು ದೀಪ ಹಚ್ಚಿದ ಮೇಲೆ. ಬೆಲ್ಲ, ಹಸಿಶೇಂಗಾ, ಅವ್ವ ಮಾಡಿದ ಹೋಳಿಗೆ ತಂದಿದ್ದ. ಮರುದಿನ ಅಮಾವಾಸ್ಯೆ. ಅಮಾವಾಸ್ಯೆಗೆ ಊರಿನ ಮಗ್ಗಗಳಿಗೆಲ್ಲ ಬಿಡುವು. ಅವತ್ತು ಮಗ್ಗ ಒರೆಸಿ, ಪೂಜೆ ಮಾಡಿ ಬಿಡುತ್ತಾರೆ, ಯಾರೂ ನೇಯುವುದಿಲ್ಲ. ಓಣಿ ತಣ್ಣಗಿತ್ತು. "ಭಾಳ ಶಾಂತ ಊರಲ್ಲವಾ! ಸಪ್ಪಳ ಸಪ್ಪಳ ಅಂತ ಹೇಳಿ ಕಳಿಸಿದ್ದಿ?" ಎಂದು ಅಪ್ಪ ನನಗೇ ಕೇಳಿದ. ನಾನು ಎಮ್ಮೆ ಎಷ್ಟು ಹಾಲು ಕೊಡುತ್ತದೆ ನೋಡು ಎಂದು ಬೀಗುತ್ತ ಗಿಂಡಿ ಹಿಡಿದು ಕೂತೆ. ನಮ್ಮವರು ಕರುವನ್ನು ಕುಡಿಸಿ, ಎಳೆದು ಹಿಡಿದುಕೊಂಡರು.

ಒಂದು ಹನಿ ಬರಲಿಲ್ಲ.

ಕಿವಿ ನಿಮಿರಿಸಿ, ಕಣ್ಣು ಅಗಲಿಸಿ, ಎಮ್ಮೆ ಗೋಡೆಯನ್ನೇ ನೋಡುತ್ತಿತ್ತು. ಅಪ್ಪ ನನ್ನನ್ನು ಎಬ್ಬಿಸಿ ತಾನೇ ಕೂತ. ಅವನ ಕೈಗೂ ಆಗಲಿಲ್ಲ. ಗೋಡೆಯ ಮೇಲಿಂದ ನೋಡುತ್ತಿದ್ದ ಕಾಕು "ಅಯ್ಯ, ಮಗ್ಗ ನಿಂತಾವಲ್ಲರೀ! ಸಪ್ಪಳ ಇಲ್ಲಂತ ಗಾಬರಿ ಆಗೇತ್ರಿ ಅದಕ್ಕ" ಎಂದರು. ಎಮ್ಮೆ ಹಾಲು ಕೊಡಲು ಹತ್ತಿದ ಮೇಲೆ ಬಂದ ಮೊದಲ ಅಮಾವಾಸ್ಯೆ ಅದು, ನಮಗೆ ಹೇಗೆ ಗೊತ್ತಾಗಬೇಕು? ಬೀಗರ ಎದುರಿಗೆ ಮರ್ಯಾದೆ ಹೋಯಿತೆಂದು ಅತ್ತೆ ಒನಕೆ ತಂದು ಹಲಗೆಯ ಮೇಲೆ ದಬ ದಬ ಕುಟ್ಟಿದರು. ಎಮ್ಮೆ ಅವರನ್ನೊಮ್ಮೆ ತಿರುಗಿ ನೋಡಿ ಮತ್ತೆ ಗೋಡೆಯತ್ತ ಮುಖ ಮಾಡಿತು.

ಆಗ ಕಾಕಾ ಒಳಗೆ ಹೋದದ್ದು ಕೇಳಿಸಿತು. "ಅಮಾಸಿ ದಿನ ಮಗ್ಗಕ್ಕ ಕೂಡ್ತೀರೇನ್ರಿ? ತಲಿ ನೆಟ್ಟಗೈತಿಲ್ಲೋ?" ಎಂದು ಕಾಕು ಚೀರಿದರು. "ನೇಯಂಗಿಲ್ಲ ಬೇ, ಬರೇ ಆಡಸ್ತೇನಿ. ಹುಡಿಗಿ ಅಪ್ಪ ಬಂದಾನ, ಹಾಲು ಕಾಣದ ಹೋಗಬೇಕೇನು?" ಎಂದರು ಕಾಕಾ. ಗೋಡೆಯಾಚೆಯಿಂದ ಊದಿನಕಡ್ಡಿಯ ವಾಸನೆ ಬಂತು. ತಪ್ಪಾತು ತಾಯಿ, ತಪ್ಪಾತು ಎಂದು ಕಾಕು ಮಗ್ಗಕ್ಕೆ ಬೇಡಿಕೊಳ್ಳುವುದು ಕೇಳಿಸಿತು. ಅದರ ಹಿಂದೆಯೇ, ಇಡೀ ಊರಿನಲ್ಲಿ ಒಂದೇ ಒಂದು ಮಗ್ಗ, ಖಟ್ ಖಟಲ್.

ಎಮ್ಮೆ ಕಿವಿ ಇಳಿಬಿಟ್ಟಿತು. ಅಪ್ಪನ ಕೈಯಲ್ಲಿ ಗಿಂಡಿ ನೊರೆ ಕಟ್ಟಿ ತುಂಬಿತು.

ಅಪ್ಪ ಎದ್ದು ಗಿಂಡಿಯನ್ನು ಅತ್ತೆಯ ಕೈಗೆ ಕೊಟ್ಟು, ಎಮ್ಮೆಯ ಬೆನ್ನು ಸವರಿದ. "ಇದು ಇನ್ನ ಅನಗವಾಡ್ಯಾಗ ಹಾಲ ಕೊಡಂಗಿಲ್ಲವಾ" ಎಂದ. ಆಮೇಲೆ ನನ್ನ ಕಡೆ ತಿರುಗಿ, ಮೆತ್ತಗೆ ಕೇಳಿದ: "ನೀ ಏನಂತಿ?"

ಗೋಡೆಯಾಚೆ ಮಗ್ಗ ಇನ್ನೂ ನಿಂತಿರಲಿಲ್ಲ. ಹಾಲು ಸಿಕ್ಕಿತೆಂದು ಕಾಕಾನಿಗೆ ಯಾರೂ ಹೇಳಿರಲಿಲ್ಲ, ಮುದುಕ ಆಡಿಸುತ್ತಲೇ ಇದ್ದರು. ನಮ್ಮವರು ಕರುವಿನ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು, ನನ್ನ ಕಡೆ ನೋಡದೆ, ನೆಲ ನೋಡುತ್ತ ನಿಂತಿದ್ದರು.

"ಯಪ್ಪಾ, ನಾನೂ ಬರಂಗಿಲ್ಲ" ಎಂದೆ, ಎಂದವಳೇ ಗೊಳೋ ಎಂದು ಅತ್ತುಬಿಟ್ಟೆ. ಅತ್ತೆ ಸೆರಗಿನಿಂದ ನನ್ನ ಮೂಗು ಒರೆಸಿ "ಅಳೂದು ಆಮ್ಯಾಲ ಅಳುವಂತಿ, ಮೊದಲ ಕಾಕಾಗ ಛಾಕ್ಕ ಇಡು" ಎಂದರು. ನಮ್ಮವರ ಕೈಯಿಂದ ಹಗ್ಗ ಯಾವಾಗ ಜಾರಿತ್ತೋ, ಕರು ಓಡಿಹೋಗಿ ಉಳಿದ ಹಾಲನ್ನು ಬಾಲ ಕುಣಿಸುತ್ತ ಕುಡಿಯುತ್ತಿತ್ತು. ಅವತ್ತು ಅದನ್ನು ಯಾರೂ ಎಳೆದು ಕಟ್ಟಲಿಲ್ಲ.