ರೋಮ್ ಚಿತ್ರಗಳ ಕೆಳಗಿನ ಅಂಚು

ಕೋಲಾರದ ಹಳೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಪಟಗಳಿಗೆ ಕಟ್ಟು ಹಾಕುವ ಅಂಗಡಿ. ದೇವರು, ಮದುವೆ, ತೀರಿಹೋದವರು. ನಮ್ಮ ಕಡೆಯ ಜನ ಗಾಜು ಹಾಕಿಸುವುದು ಹೆಚ್ಚಾಗಿ ಇವಕ್ಕೇ. ಹೊಸ ವರ್ಷ ಬಂತೆಂದರೆ ಹಳೆಯ ಕ್ಯಾಲೆಂಡರುಗಳ ರಾಶಿ ಬೀಳುತ್ತದೆ. ವರ್ಷವಿಡೀ ಗೋಡೆಯ ಮೇಲೆ ಕೈಮುಗಿಸಿಕೊಂಡ ಲಕ್ಷ್ಮಿಯನ್ನು ಕಸಕ್ಕೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ತಂದು ಕಟ್ಟು ಹಾಕಿಸುತ್ತಾರೆ. ಆಗ ನಾನು ಮಾಡುವ ಮೊದಲ ಕೆಲಸ, ದೇವರ ಪಾದದ ಕೆಳಗೆ ಸ್ಕೇಲು ಒತ್ತಿಹಿಡಿದು ಬ್ಲೇಡಿನ ಒಂದೇ ಎಳೆತಕ್ಕೆ ಕೆಳಗಿನ ಅಂಚನ್ನು ಕತ್ತರಿಸುವುದು. ಅಲ್ಲಿ ಬಟ್ಟೆ ಅಂಗಡಿಯ ಹೆಸರಿರುತ್ತದೆ, ಮನೆಯವರು ಪೆನ್ಸಿಲಿನಲ್ಲಿ ಗೀಚಿದ ಹಾಲಿನ ಲೆಕ್ಕ ಇರುತ್ತದೆ. ಅವು ದೇವರ ಗೂಡಿಗೆ ಹೋಗುವಂತಿಲ್ಲ. ಕತ್ತರಿಸು ಎಂದು ಯಾರೂ ಹೇಳುವುದಿಲ್ಲ, ಕತ್ತರಿಸಲೇ ಎಂದು ನಾನೂ ಕೇಳುವುದಿಲ್ಲ.

ಹೋದ ವರ್ಷ ನಾನು ಮಾಡಿದ ತಪ್ಪನ್ನು ಬರೆಯಲು ಕೂತಿದ್ದೇನೆ. ಕೈಯ ರೂಢಿಯ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಕೈ ಮಾಡಿದ್ದು ಸ್ವಲ್ಪ. ಉಳಿದದ್ದೆಲ್ಲ ಬಾಯಿ ಮಾಡಿದ್ದು.

ಮಾವಿನ ಹೂ ಬಿಡುವ ಕಾಲದಲ್ಲಿ ಶ್ರೀನಿವಾಸಪುರದಿಂದ ಒಬ್ಬ ಟೀಚರಮ್ಮ ಬಂದರು. ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟು ನಿವೃತ್ತರಾದವರು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಮದುವೆಯಾಗಿರಲಿಲ್ಲ. ಬಾಡಿಗೆ ಮನೆಯಲ್ಲಿ ಅಡುಗೆಯ ಹೆಂಗಸೊಬ್ಬಳನ್ನು ಇಟ್ಟುಕೊಂಡಿದ್ದರು. ಕಣ್ಣಿನ ನಡುಭಾಗ ಮಂಜಾಗಿ, ಅಂಚಿನಲ್ಲಿ ಮಾತ್ರ ಕಾಣುವ ಕಾಯಿಲೆ ಅವರಿಗೆ. ಮಾತಾಡುವಾಗ ನನ್ನ ಭುಜದ ಪಕ್ಕಕ್ಕೆ ನೋಡುತ್ತಿದ್ದರು. ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿ ತಂದಿದ್ದ ನಾಲ್ಕು ಚಿತ್ರಗಳನ್ನು ಮೇಜಿನ ಮೇಲೆ ಹರಡಿದರು.

ಬಣ್ಣವಿಲ್ಲ, ಬರೀ ಗೆರೆ. ತಾಮ್ರದ ತಗಡನ್ನು ಸೂಜಿಯಂಥ ಉಳಿಯಿಂದ ಕೊರೆದು, ಗೆರೆಗೆ ಮಸಿ ತುಂಬಿ, ಕಾಗದಕ್ಕೆ ಒತ್ತಿ ತೆಗೆದವು ಎಂದು ಅವರೇ ಹೇಳಿದರು. ಒಂದರಲ್ಲಿ ಕೋಟೆಯ ಬಾಗಿಲಿನಿಂದ ಕುದುರೆ ಸವಾರರು ನುಗ್ಗುತ್ತಿದ್ದರು. ಇನ್ನೊಂದರಲ್ಲಿ ದೊಡ್ಡದೊಂದು ವಿಗ್ರಹದ ಕುತ್ತಿಗೆಗೆ ಹಗ್ಗ ಬಿಗಿದು ಎಳೆಯುತ್ತಿದ್ದರು. ಮೂರನೆಯದರಲ್ಲಿ ಗುಡಿಯ ಮೆಟ್ಟಿಲ ಮೇಲೆ ಮಗುವನ್ನು ಅಪ್ಪಿಕೊಂಡ ತಾಯಿ, ಹಿಂದೆ ಹೊಗೆ. ಕೊನೆಯದರಲ್ಲಿ ಯಾರೂ ಇಲ್ಲ. ಮುರಿದ ಕಂಬಗಳ ನಡುವೆ ಆಡುಗಳು ಮೇಯುತ್ತಿದ್ದವು.

"ರೋಮ್ ಬಿದ್ದಿದ್ದು ಕಣಪ್ಪ ಇದು," ಅಂದರು.

"ಬೀಳೋದನ್ನ ಯಾಕಮ್ಮ ಗೋಡೆಗೆ ಹಾಕ್ತೀರಾ? ಲಕ್ಷ್ಮೀ ಪಟ ಇದೆ, ಕೊಡ್ಲಾ?"

"ಲಕ್ಷ್ಮಿ ಎದ್ದು ಹೋಗಿರೋದೇ ಇದ್ರಲ್ಲಿ ಇರೋದು. ಬಾಯಿ ಮುಚ್ಕೊಂಡು ಕಟ್ಟು ಹಾಕು. ಹಳೇ ಕಾಗದ, ಹುಷಾರು."

ಅವರ ತಂದೆ ಮುಳಬಾಗಿಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದವರು. ಚಿನ್ನದ ಗಣಿಯ ಬಿಳಿಯರು ಬಂಗಲೆ ಖಾಲಿ ಮಾಡಿ ಹೋದಾಗ ಕಸದ ಜೊತೆ ಹೊರಬಿದ್ದಿದ್ದ ಈ ಹಾಳೆಗಳನ್ನು ಎತ್ತಿಕೊಂಡು ಬಂದಿದ್ದರಂತೆ. ತಂದೆಯನ್ನು ಆಯಮ್ಮ ತೆಲುಗಿನ ರೂಢಿಯಲ್ಲಿ ನಾಯ್ನ ಎನ್ನುತ್ತಿದ್ದರು.

ಅವರು ಹೋದ ಮೇಲೆ ಕೆಲಸಕ್ಕೆ ಕೂತೆ. ನನ್ನಲ್ಲಿ ತಯಾರಿದ್ದ ಕಟ್ಟುಗಳಿಗಿಂತ ಹಾಳೆಗಳು ಸ್ವಲ್ಪ ಉದ್ದವಾಗಿದ್ದವು. ಚಿತ್ರದ ಕೆಳಗೆ ಬಿಳಿಯ ಅಂಚು, ಅದರಲ್ಲಿ ಇಂಗ್ಲಿಷಿನ ಸಣ್ಣ ಅಚ್ಚು, ಅದರ ಕೆಳಗೆ ಮಾಸಿದ ಪೆನ್ಸಿಲ್ ಬರಹ. ಓದಲಿಲ್ಲ. ಸ್ಕೇಲು ಇಟ್ಟೆ, ಎಳೆದೆ. ನಾಲ್ಕೂ ಅಂಚುಗಳು ಮೇಜಿನ ಕೆಳಗಿನ ಚೀಲಕ್ಕೆ ಬಿದ್ದವು. ಸಂಜೆ ಎಂದಿನಂತೆ ಪಕ್ಕದ ಇಡ್ಲಿ ಹೋಟೆಲಿನವನು ಚೀಲವನ್ನು ಒಲೆಗೆ ಒಯ್ದ.

ವಾರ ಬಿಟ್ಟು ಟೀಚರಮ್ಮ ಬಂದರು. ಗಾಜನ್ನು ಸವರಿದರು, ಖುಷಿಪಟ್ಟರು. ಆಮೇಲೆ ಮೊದಲ ಪಟವನ್ನು ನನ್ನ ಕಡೆ ತಿರುಗಿಸಿದರು.

"ಕೆಳಗಡೆ ನಾಯ್ನ ಬರೆದಿದ್ದಾರಲ್ಲ, ಓದು. ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು ಓದಿ ಹೇಳೋರು. ಇಂಗ್ಲಿಷಿನ ಅರ್ಥ ಅಲ್ಲ, ಅವರದೇ ಮಾತು. ಕಣ್ಣು ಹೋದ್ಮೇಲೆ ಅದೂ ಮರೀತಾ ಇದೆ ಕಣಪ್ಪ. ಅವರ ಕೈಬರಹ ಅಂತ ಉಳಿದಿರೋದು ಅದೊಂದೇ."

ಕುದುರೆಗಳ ಗೊರಸಿನ ಕೆಳಗೆ ಕಟ್ಟಿನ ಮರವಲ್ಲದೆ ಏನೂ ಇರಲಿಲ್ಲ. ಆಗಲೇ ಕಾಲು ಹಿಡಿದುಕೊಂಡಿದ್ದರೆ ಬೈದು ಹೋಗುತ್ತಿದ್ದರು. ಅಷ್ಟೇ ಆಗುತ್ತಿತ್ತು. ನಾನು ಕನ್ನಡಕ ಸರಿಮಾಡಿಕೊಂಡು ಓದಿದೆ.

"'ಹೊರಗಿನವರು ಬಾಗಿಲು ಮುರಿಯುವ ಮೊದಲೇ ಒಳಗಿನವರು ಅಗುಳಿ ತೆಗೆದಿದ್ದರು.'"

"ಹೂಂ. ಹಾಗೇ ಬರೆಯೋರು. ಮುಂದಿನದು?"

ವಿಗ್ರಹದ ಪಟ. ನನ್ನ ತಾಯಿಯ ತವರು ಶಿವಾರಪಟ್ಟಣ. ಕಲ್ಲು ಕೆತ್ತುವವರ ಊರು. ಅಲ್ಲಿ ಚಿಕ್ಕಂದಿನಲ್ಲಿ ಕೇಳಿದ್ದು ಬಾಯಿಗೆ ಬಂತು. "'ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲ, ನೀರೇ ಗತಿ.'" ಆಡುಗಳ ಪಟಕ್ಕೆ, "'ಅರಮನೆ ಯಾರದಾದರೇನು, ಆಡಿಗೆ ಬೇಕಾದ್ದು ಹುಲ್ಲು.'" ಮೆಟ್ಟಿಲ ಮೇಲಿನ ತಾಯಿಗೆ ಏನು ಹೇಳಿದೆನೋ, ಆಗಲೇ ನೆನಪಿನಲ್ಲಿ ನಿಲ್ಲಲಿಲ್ಲ. ಟೀಚರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಪಟಗಳನ್ನು ತೂಗುಹಾಕಲು ಮೊಳೆ ಹೊಡೆಯಬೇಕಿತ್ತು. ಶ್ರೀನಿವಾಸಪುರಕ್ಕೆ ನಾನೇ ಹೋದೆ. ಹೊರಡುವಾಗ, "ಇನ್ನೊಂದು ಸಲ ಓದಿ ಹೋಗು," ಅಂದರು. ಅಡುಗೆಯವಳಿಗೆ ಓದು ಬಾರದು, ನನ್ನನ್ನು ಹಿಡಿಯುವವರು ಯಾರೂ ಇರಲಿಲ್ಲ. ಆಮೇಲೆ ಅದೇ ಅಭ್ಯಾಸವಾಯಿತು. ಅಂಗಡಿಗೆ ರಜೆಯಿದ್ದ ದಿನ ಬಸ್ಸು ಹತ್ತುತ್ತಿದ್ದೆ. ಗೋಡೆಯ ಮುಂದೆ ನಿಂತು ನಾಲ್ಕು ಪಟಗಳನ್ನೂ ಓದುತ್ತಿದ್ದೆ. ಅವರು ಕಾಫಿ ಕೊಡುತ್ತಿದ್ದರು. ಹಣ್ಣಿನ ಕಾಲ ಬಂದಾಗ ಚೀಲದ ತುಂಬ ಮಾವಿನ ಹಣ್ಣು ಕಳಿಸಿದರು.

ನನ್ನ ಹೆಂಡತಿ ಹಣ್ಣು ಕತ್ತರಿಸುತ್ತಾ ಹಂಗಿಸಿದಳು. "ಏನ್ರೀ, ಆಯಮ್ಮನ ಮನೇಲಿ ಅಷ್ಟು ಚೆನ್ನಾಗಿ ಪುರಾಣ ಓದ್ತೀರಂತೆ. ನಮ್ಮನೇಲಿ ಕರೆಂಟ್ ಬಿಲ್ ಓದಕ್ಕೂ ಕನ್ನಡಕ ಸಿಗಲ್ಲ ನಿಮಗೆ."

ಆ ಹಣ್ಣು ನನಗೆ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಅದೂ ಸುಳ್ಳು. ತಿಂದೆ. ಚೆನ್ನಾಗಿತ್ತು.

ಸುಳ್ಳು ಹೇಳುವುದಕ್ಕಿಂತ ಅದನ್ನು ನೆನಪಿಟ್ಟುಕೊಳ್ಳುವುದು ಆಯಾಸ. ಬಸ್ಸಿನಲ್ಲಿ ಕೂತು ಅಗುಳಿ, ಮೂರ್ತಿ, ಆಡು ಎಂದು ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ಆ ತಾಯಿಯ ಪಟ ಮಾತ್ರ ಕೈಕೊಡುತ್ತಿತ್ತು. ಪ್ರತಿ ಸಲ ಒಂದೊಂದು ಮಾತು ಬರುತ್ತಿತ್ತು. "ಹೋದ ಸಲ ಹೀಗಿರ್ಲಿಲ್ವಲ್ಲೋ," ಎಂದು ಅವರು ತಡೆದರೆ, "ಅಕ್ಷರ ಮಾಸಿದೆ ಅಮ್ಮ, ಈಗ ಸರಿಯಾಗಿ ಕಾಣ್ತು," ಅನ್ನುತ್ತಿದ್ದೆ. ಅವರು ನಂಬುತ್ತಿದ್ದರು. ಅವರು ನಂಬಿದಷ್ಟೂ ನನಗೆ ಮೈ ಭಾರವಾಗುತ್ತಿತ್ತು.

ದಸರಾ ಕಳೆದ ಮೇಲೆ ಒಂದು ಮಧ್ಯಾಹ್ನ ಹೋದಾಗ ಅವರು ಕಾಫಿಗೂ ಕಾಯದೆ, "ಇವತ್ತು ನೀನು ಕೂತ್ಕೋ, ನಾನೇ ಹೇಳ್ತೀನಿ," ಅಂದರು. ಗೋಡೆಯ ಕಡೆ ತಿರುಗಿ ಹೇಳತೊಡಗಿದರು. ಒಳಗಿನವರು ತೆಗೆದ ಅಗುಳಿ. ಭಿನ್ನವಾದ ಮೂರ್ತಿ. ಹುಲ್ಲು ಬೇಕಾದ ಆಡು. ತಾಯಿಯ ಪಟ ಬಿಟ್ಟು ಉಳಿದ ಮೂರರಲ್ಲಿ ಒಂದು ಮಾತೂ ತಪ್ಪಲಿಲ್ಲ. ಹೇಳಿ ಮುಗಿಸಿ ನಕ್ಕರು. "ನೋಡಿದ್ಯಾ? ಮತ್ತೆ ಬಂದ್ಬಿಡ್ತು. ಈಗ ನಾಯ್ನನ ದನೀನೇ ಕಿವೀಲಿ ಕೇಳ್ಸುತ್ತೆ."

ಇನ್ನು ನನ್ನಿಂದ ಆಗಲಿಲ್ಲ.

"ಅಮ್ಮ, ಪಟದ ಕೆಳಗೆ ಏನೂ ಇಲ್ಲ."

"ಏನಿಲ್ಲ?"

"ಅಕ್ಷರ. ಕ್ಯಾಲೆಂಡರ್ ಕತ್ತರಿಸೋ ಹಾಗೆ ಕತ್ತರಿಸ್ಬಿಟ್ಟೆ. ಒಲೆಗೆ ಹೋಯ್ತು. ಇಷ್ಟು ದಿನ ಓದಿದ್ದೆಲ್ಲ ನಾನೇ ಕಟ್ಟಿದ್ದು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಟೀಚರಮ್ಮ ಗೋಡೆಯ ಕಡೆಯಿಂದ ತಿರುಗಲಿಲ್ಲ.

"ಆಡು?"

"ನಂದೇ."

"ಅಗುಳಿ?"

"ಅದೂ ನಂದೇ ಅಮ್ಮ."

"ಕತ್ತರಿಸೋ ಮುಂಚೆ ಒಂದ್ಸಲ ಓದಿದ್ದಾದ್ರೂ ಓದಿದ್ಯಾ?"

"ಇಲ್ಲ. ಹಾಲಿನ ಲೆಕ್ಕ ಅಂದ್ಕೊಂಡೆ."

ಅವರಿಗೆ ನಗು ಬಂತು. ಅಂಥ ನಗುವನ್ನು ನಾನು ಮತ್ತೆ ಕೇಳಲಾರೆ. "ಕತ್ತಿ ಹಿಡಿದೋರು ಬಂದು ರಾಜ್ಯ ಹಾಳುಮಾಡ್ತಾರೆ ಅಂತ ಎಷ್ಟು ಮಕ್ಕಳಿಗೆ ಪಾಠ ಹೇಳ್ದೆ. ಸ್ಕೇಲು ಹಿಡಿದೋನೊಬ್ಬ ಸಾಕಾಗಿತ್ತು."

ನಾನು ಕಾಲಿಗೆ ಬೀಳಲು ಹೋದೆ. "ಮಾತಾಡ್ಬೇಡ, ಅಲ್ಲಾಡ್ಬೇಡ," ಎಂದು ಗದರಿಸಿ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡರು. ನಿಜವಾದ ಮಾತುಗಳನ್ನು ನೆನಪಿಸಿಕೊಳ್ಳಲು ನೋಡುತ್ತಿದ್ದರು. ತುಟಿ ಅಲುಗುತ್ತಿತ್ತು, ನಿಲ್ಲುತ್ತಿತ್ತು. ತುಂಬ ಹೊತ್ತಾಯಿತು.

"ನಿಂದೇ ಬರ್ತಾ ಇದೆ," ಅಂದರು. "ನಾಯ್ನಂದು ಇದ್ದ ಜಾಗದಲ್ಲಿ ನಿಂದು ಬಂದು ಕೂತಿದೆ. ತೆಗಿಯೋ ಅದನ್ನ ನನ್ನ ತಲೆಯಿಂದ."

ತೆಗೆಯುವುದು ಹೇಗೆ? ಆಗ ಅವರು ತಟ್ಟನೆ ಕಣ್ಣು ತೆರೆದರು.

"'ತಾಯಿ ಮಗುವಿನ ಕಿವಿ ಮುಚ್ಚಿದ್ದಾಳೆ, ಕಣ್ಣು ಮುಚ್ಚಲು ಕೈ ಸಾಲದು.' ಇದು ಯಾರ್ದು? ನಿಂದೋ, ನಾಯ್ನಂದೋ?"

ಪಟವನ್ನು ನೋಡಿದೆ. ತಾಯಿಯ ಕೈ ಮಗುವಿನ ಕಿವಿಯ ಮೇಲೆಯೇ ಇತ್ತು. ಅದನ್ನು ನೋಡಿದ ಯಾರಿಗಾದರೂ ಬರಬಹುದಾದ ಮಾತು. ಡ್ರಾಯಿಂಗ್ ಮೇಷ್ಟರಿಗೂ ಬರಬಹುದು, ಆ ಗೋಡೆಯ ಮುಂದೆ ನಿಂತು ಸುಳ್ಳು ಹುಡುಕುತ್ತಿದ್ದ ನನಗೂ ಬರಬಹುದು. ಆ ಪಟಕ್ಕೆ ಏನೇನು ಹೇಳಿದ್ದೆನೋ ನನಗೆ ನೆನಪಿರಲಿಲ್ಲ.

"ಗೊತ್ತಿಲ್ಲಮ್ಮ," ಅಂದೆ.

"ಸರಿಯಾಗಿ ಯೋಚ್ನೆ ಮಾಡಿ ಹೇಳೋ."

"ನಿಜವಾಗ್ಲೂ ಗೊತ್ತಿಲ್ಲ."

"ಹಾಗಾದ್ರೆ ಹೋಗು. ಗೊತ್ತಾದ ದಿನ ಬಾ. ಅಲ್ಲೀವರೆಗೂ ಬರಬೇಡ."

ಈಗ ಮತ್ತೆ ಮಾವು ಹೂಬಿಟ್ಟಿದೆ. ಕ್ಯಾಲೆಂಡರು ತಂದವರನ್ನೆಲ್ಲ, ಕೆಳಗಿನದು ಬೇಕೋ ಬೇಡವೋ ಎಂದು ಕೇಳುತ್ತೇನೆ. ಮುದುಕನಿಗೆ ಅರಳುಮರಳು ಎಂದುಕೊಳ್ಳುತ್ತಾರೆ. ಆ ಮಾತು ಯಾರದೆಂದು ದಿನವೂ ಯೋಚಿಸುತ್ತೇನೆ. ಹೊಳೆಯುವುದಿಲ್ಲ. ಶ್ರೀನಿವಾಸಪುರಕ್ಕೆ ಹೋಗಿ, "ನಿಮ್ಮ ನಾಯ್ನಂದೇ ಅಮ್ಮ, ಈಗ ನೆನಪಾಯ್ತು," ಎಂದುಬಿಡಬಹುದು. ಅಷ್ಟು ಅಂದರೆ ಸಾಕು, ಅವರಿಗೆ ನಾಲ್ಕರಲ್ಲಿ ಒಂದು ಉಳಿಯುತ್ತದೆ. ಅವರು ನಂಬುತ್ತಾರೆ ಎಂಬುದೂ ನನಗೆ ಗೊತ್ತು. ಅದಕ್ಕೇ ಹೋಗಿಲ್ಲ.