ಅಮ್ಮನ ಕಡೆಗೆ ತಿರುಗಿಸಿಟ್ಟ ಪರದೆ

ಸ್ಟುಡಿಯೋದವರು ಅವಳನ್ನು ಅಡಿಬರಹದಕ್ಕ ಎಂದೇ ಕರೆಯುತ್ತಿದ್ದರು. ಸಿನಿಮಾದವರು ಆಡುವ ಮಾತು ಕೇಳಿ, ಪರದೆಯ ಬುಡದಲ್ಲಿ ಓಡುವ ಸಾಲುಗಳನ್ನು ಬರೆಯುವುದು ಅವಳ ಕಸುಬು. ಮನೆಯ ಊಟದ ಮೇಜೇ ಕಚೇರಿ. ಕಿವಿಗೆ ಹೆಡ್‌ಫೋನ್, ಮುಂದೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಆರಿ ತಣ್ಣಗಾದ ಚಹಾ. "ಲೋಕದ ಜಗಳವೆಲ್ಲ ನನ್ನ ಮಗಳ ಕಿವಿಯೊಳಗೇ ನಡೆಯುತ್ತೆ" ಎಂದು ಅಮ್ಮ ನಗುತ್ತಿದ್ದರು.

ಅಮ್ಮನೂ ಕಿವಿಯನ್ನೇ ನಂಬಿ ಬದುಕಿದವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು, ಯಾರದೋ ಲೈನನ್ನು ಇನ್ಯಾರಿಗೋ ಜೋಡಿಸುತ್ತಲೇ ನಿವೃತ್ತರಾದವರು. ಒಂದು "ಹಲೋ" ಕೇಳಿದರೆ ಸಾಕು, ಆ ಕಡೆಯವರಿಗೆ ಬಂದಿರುವುದು ನೆಗಡಿಯೋ ಸಿಟ್ಟೋ ಹೇಳಿಬಿಡುತ್ತಿದ್ದರು. ಅಂಥವರಿಗೆ ಒಂದು ಜ್ವರ ಬಂತು. ಹೋಗುವಾಗ ಎರಡೂ ಕಿವಿಯನ್ನು ತನ್ನ ಜೊತೆಗೇ ಕರೆದುಕೊಂಡು ಹೋಯಿತು. ಕಿವಿಗೆ ಮಿಷನ್ ಹಾಕಿಸಿ ನೋಡಿದರು. ಗೊರಗೊರ ಸದ್ದು ಬಿಟ್ಟರೆ ಮತ್ತೇನಿಲ್ಲ.

ಇನ್ನು ಕಿವಿ ಬರುವುದಿಲ್ಲ ಎಂದು ಡಾಕ್ಟರು ಮಗಳೊಬ್ಬಳನ್ನೇ ಪಕ್ಕಕ್ಕೆ ಕರೆದು ಹೇಳಿದರು. ಅವಳು ಮನೆಗೆ ಬಂದು ಸ್ಲೇಟಿನ ಮೇಲೆ, "ಬರುತ್ತಂತಮ್ಮ, ಸ್ವಲ್ಪ ಟೈಮ್ ಹಿಡಿಯುತ್ತೆ" ಎಂದು ಬರೆದು ತೋರಿಸಿದಳು. ಬೇರೆ ಊರಿನಲ್ಲಿದ್ದ ಅಣ್ಣ ಕೇಳಿದಾಗಲೂ ನಾಳೆ ಹೇಳ್ತೀನಿ ಎಂದು ಜಾರಿಕೊಂಡಳು.

"ಈ ವಯಸ್ಸಲ್ಲಿ ನನ್ನನ್ನ ಒಂದನೇ ಕ್ಲಾಸಿಗೆ ಸೇರಿಸಿದ್ಯಲ್ಲೇ!" ಎಂದು ಅಮ್ಮ ಮೊದಮೊದಲು ಸ್ಲೇಟು ನೋಡಿ ತಮಾಷೆ ಮಾಡುತ್ತಿದ್ದರು. ಆಮೇಲೆ ಮಾತೇ ಕಡಿಮೆಯಾಯಿತು. ಏನು ಕೇಳಿದರೂ ಮಗಳು ಕೆಲಸ ನಿಲ್ಲಿಸಿ, ಹೆಡ್‌ಫೋನ್ ತೆಗೆದು, ಬಳಪ ಹುಡುಕಬೇಕು. ಅದನ್ನು ನೋಡಲಾರದೆ ಅಮ್ಮ ಬಾಯಿ ತೆರೆದವರು "ಬಿಡು, ಏನಿಲ್ಲ" ಎಂದು ಮುಚ್ಚಿಕೊಳ್ಳತೊಡಗಿದರು. ಆ "ಏನಿಲ್ಲ" ಮಗಳಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಸ್ಟುಡಿಯೋದ ಮೂಲೆಯಲ್ಲಿ ಹಳೆಯ ಮಾನಿಟರೊಂದು ಧೂಳು ತಿನ್ನುತ್ತಿತ್ತು. ಅದನ್ನು ಕೇಳಿ ತಂದು, ಮೇಜಿನ ಆ ತುದಿಯಲ್ಲಿ ಅಮ್ಮನ ಕುರ್ಚಿಯ ಕಡೆಗೆ ಮುಖ ಮಾಡಿ ಇಟ್ಟಳು. ತನ್ನ ಕೆಲಸ ಲ್ಯಾಪ್‌ಟಾಪಿನಲ್ಲಿ. ಅಮ್ಮನಿಗೆ ಹೇಳುವುದು ಆ ಪರದೆಯಲ್ಲಿ, ದಪ್ಪ ಅಕ್ಷರದಲ್ಲಿ. ಲೆಕ್ಕ ಸರಿಯಾಗಿತ್ತು. ಆದರೆ ವೈರು ಚುಚ್ಚಿದರೆ ಮಾನಿಟರ್ "ಸಿಗ್ನಲ್ ಇಲ್ಲ" ಎಂದು ತೋರಿಸಿ ಕಣ್ಣು ಮುಚ್ಚಿತು.

ಅವಳ ಲ್ಯಾಪ್‌ಟಾಪನ್ನು ನಡೆಸುವ ಸಿಸ್ಟಂ ವಿಂಡೋಸ್ ಅಲ್ಲ, ಲಿನಕ್ಸ್. ಸ್ಟುಡಿಯೋದ ರಿಪೇರಿಯವನಿಗೆ ಫೋನ್ ಮಾಡಿದಳು.

"ಅಕ್ಕ, ಅದರಲ್ಲಿ ಚಿತ್ರ ಮೂಡಿಸೋ ಗ್ರಾಫಿಕ್ಸ್ ಚಿಪ್ ಎರಡಿವೆ. ಹೊರಗಿನ ಪರದೆಯ ವೈರು ಹೋಗೋದು ದೊಡ್ಡದಕ್ಕೆ. ಅದಕ್ಕೆ ಲಿನಕ್ಸ್ ಜೊತೆ ಬಂದಿರೋ ಡ್ರೈವರ್ ಸಾಲ್ತಿಲ್ಲ ಅನ್ಸುತ್ತೆ. ಚಿಪ್ ಮಾಡಿದ ಕಂಪನಿಯದೇ ಡ್ರೈವರ್ ಹಾಕಿ ನೋಡಿ."

"ಹಾಗಂದ್ರೆ?"

"ಡ್ರೈವರ್ ಅಂದ್ರೆ ಚಿಪ್‌ಗೂ ಸಿಸ್ಟಂಗೂ ನಡುವೆ ಮಾತು ದಾಟಿಸೋ ದುಭಾಷಿ. ಲಿನಕ್ಸಲ್ಲಿ ಮಿಕ್ಕಿದ್ದೆಲ್ಲ ಬಿಚ್ಚಿಟ್ಟ ಪುಸ್ತಕ. ಈ ಕಂಪನಿ ದುಭಾಷಿ ಮಾತ್ರ ಗುಟ್ಟು ಬಿಡಲ್ಲ."

ಹಾಕಿದಳು. ಯಂತ್ರ ಮತ್ತೆ ಶುರುವಾಗುವಾಗ ನೀಲಿ ಪರದೆಯೊಂದು ಏನೋ ಕೇಳಿತು. ಅವಸರದಲ್ಲಿ ಓದದೆ "ಮುಂದುವರಿ" ಒತ್ತಿದಳು. ಮಾನಿಟರಿನ ಕತ್ತಲೆ ಹಾಗೇ ಉಳಿಯಿತು. ಮಾರನೆಯ ಬೆಳಗ್ಗೆ ನಿಧಾನವಾಗಿ ಕೂತು ಹುಡುಕಿದಾಗ ಗೊತ್ತಾಯಿತು. ಗುರುತಿಲ್ಲದ ಡ್ರೈವರನ್ನು ಒಳಗೆ ಬಿಡದ ಕಾವಲೊಂದು ಯಂತ್ರದಲ್ಲೇ ಇದೆ, "ಇವನನ್ನು ನೀನು ಬಲ್ಲೆಯಾ?" ಎಂದು ನಿನ್ನೆ ಕೇಳಿದ್ದು ಅದೇ. ಎಲ್ಲ ತೆಗೆದು ಮತ್ತೆ ಹಾಕಿದಳು. ಈ ಸಲ ನೀಲಿ ಪರದೆಯ ಸಾಲುಗಳನ್ನು ಬೆರಳಿಟ್ಟು ಓದಿ, ಪಾಸ್‌ವರ್ಡ್ ಕೊಟ್ಟು, ಬಲ್ಲೆ ಎಂದು ಒಪ್ಪಿಗೆ ಕೊಟ್ಟಳು. ಮಾನಿಟರ್ ಒಮ್ಮೆ ಮಿಟುಕಿ, ಹೊತ್ತಿಕೊಂಡಿತು.

ಅವಳಿಗೆ ಕುಣಿಯುವಷ್ಟು ಖುಷಿ. ಅದೇ ಖುಷಿಯಲ್ಲಿ ಲ್ಯಾಪ್‌ಟಾಪಿನಿಂದಲೇ ಅಣ್ಣನಿಗೆ ಮೆಸೇಜ್ ಹಾಕಿದಳು. "ಭೇಷ್! ಅದಿರಲಿ, ಡಾಕ್ಟರು ಏನಂದ್ರು? ಇನ್ನೆಷ್ಟು ದಿನ ನಾಳೆ ನಾಳೆ ಅಂತೀಯ?" ಎಂದು ಅವನು ಬರೆದ. ಅವಳು ಟೈಪ್ ಮಾಡಿದಳು: "ಅಮ್ಮನಿಗೆ ಕಿವಿ ಇನ್ನು ಬರಲ್ವಂತೆ ಅಣ್ಣ. ಅವರಿಗೆ ಹೇಳೋಕೆ ನನಗೆ ಧೈರ್ಯ ಸಾಲ್ತಿಲ್ಲ."

"ಅಷ್ಟು ಬರೆಯೋಕೆ ಇಷ್ಟು ದಿನ ಬೇಕಾಯ್ತೇನೇ?"

ಅಮ್ಮನ ದನಿ. ಅವಳು ತಲೆಯೆತ್ತಿದಳು. ಅಮ್ಮ ತಮ್ಮ ಕುರ್ಚಿಯಲ್ಲಿ ಕೂತು ಮಾನಿಟರ್ ನೋಡುತ್ತಿದ್ದರು. ಎರಡು ಪರದೆಯನ್ನೂ ಬೇರೆ ಬೇರೆ ಮಾಡುವ ಸೆಟ್ಟಿಂಗ್ ಅವಳು ಇನ್ನೂ ಮುಟ್ಟಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಇದ್ದದ್ದೆಲ್ಲ, ಅಣ್ಣನ ಪ್ರಶ್ನೆ, ತನ್ನ ಉತ್ತರ, ಅಕ್ಷರ ಬಿಡದೆ ಅಲ್ಲೂ ಇತ್ತು.

ಮಗಳ ಕಣ್ಣು ತುಂಬಿತು.

"ಅಳ್ತೀಯಾಕೆ? ಜೀವಮಾನವೆಲ್ಲ ಲೈನ್ ಜೋಡಿಸಿದವಳು ನಾನು. ಯಾವುದು ಬ್ಯುಸಿ, ಯಾವುದು ಸತ್ತಿದೆ ಅಂತ ನನಗೆ ಗೊತ್ತಾಗಲ್ವಾ? ನಿನಗೆ ಬೇಜಾರಾಗಬಾರದು ಅಂತ ನಾನೂ ಕಾಯೋ ಹಾಗೆ ನಟಿಸ್ತಿದ್ದೆ." ಪರದೆಯ ಹತ್ತಿರಕ್ಕೆ ಬಾಗಿ, "ಅಕ್ಷರ ಇನ್ನೂ ದಪ್ಪ ಮಾಡು. ಕಿವಿ ಹೋಯ್ತು, ಕಣ್ಣೂ ಕಳ್ಕೊಳ್ಳಲಾ?" ಎಂದರು.

ಅವಳು ಅಳುತ್ತಲೇ ನಕ್ಕಳು. ಅಕ್ಷರ ದಪ್ಪ ಮಾಡಿದಳು. ಸಂಜೆಯವರೆಗೂ ಇಬ್ಬರೂ ಮಾತಾಡಿದರು. ಒಬ್ಬರು ಬಾಯಲ್ಲಿ, ಒಬ್ಬಳು ಬೆರಳಲ್ಲಿ.

ಆಮೇಲೆ ಅಮ್ಮನಿಗೆ ಬೇರೊಂದು ಹುಚ್ಚು ಹತ್ತಿತು. ಮಗಳು ಅಡಿಬರಹ ಕೂರಿಸುವ ಸಿನಿಮಾವನ್ನು ತಮ್ಮ ಪರದೆಯಲ್ಲಿ ಹಾಕಿಸಿಕೊಂಡು ನೋಡುವುದು, ತಪ್ಪು ಹಿಡಿಯುವುದು.

"ಇವನು ಯಾಕೆ ಬೆಚ್ಚಿಬಿದ್ದ?"

"ಒಳಗೆ ಪಾತ್ರೆ ಬಿತ್ತಮ್ಮ" ಎಂದು ಮಗಳು ಟೈಪ್ ಮಾಡಿದಳು.

"ಅದು ನನಗೆ ಹೇಗೆ ತಿಳೀಬೇಕು? ಮಾತು ಮಾತ್ರ ಬರೆದರೆ ಆಯ್ತಾ?"

ಅಂದಿನಿಂದ ಅವಳು ಸದ್ದುಗಳನ್ನೂ ಬರೆಯತೊಡಗಿದಳು. ಸ್ಟುಡಿಯೋದವರು ಮೊದಲು ಗೊಣಗಿದರು, ಆಮೇಲೆ ಎಲ್ಲ ಸಿನಿಮಾಕ್ಕೂ ಹಾಗೇ ಬೇಕೆಂದರು. ಅಡಿಬರಹದಕ್ಕನ ಒಂದು ಸಾಲೂ ಅಮ್ಮ ನೋಡದೆ ಮನೆಯಿಂದ ಹೊರಗೆ ಹೋಗುವುದಿಲ್ಲ.

ಮೊನ್ನೆ ಒಂದು ದೃಶ್ಯದ ಕೆಳಗೆ "ನಗು" ಎಂದು ಹಾಕಿದ್ದಳು.

"ಎಂಥ ನಗು ಅದು? ಬಾಯಿ ನಗ್ತಿದೆ, ಮುಖ ನಗ್ತಿಲ್ಲ" ಎಂದರು ಅಮ್ಮ.

ಅವಳು ಹಿಂದಕ್ಕೆ ಓಡಿಸಿ, ಹೆಡ್‌ಫೋನ್ ಒತ್ತಿಹಿಡಿದು ಇನ್ನೊಮ್ಮೆ ಕೇಳಿದಳು. ಹೌದು. ಅಳಿಸಿ, "ಒಣನಗು" ಎಂದು ಬರೆದಳು.